ಅಣುವಿನ ಆಕಾರಕ್ಕೆ ಲೆಕ್ಕ ಬರೆದ ಸೂರಿ ಭಗವಂತಂ

ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿ ಬಾಗೇಪಲ್ಲಿ ದಾಟಿ ಆಂಧ್ರದೊಳಗೆ ಕಾಲಿಟ್ಟ ಕೂಡಲೇ ಸಿಗುವುದು ಕೊಡಿಕೊಂಡ. ಅಲ್ಲಿಂದ ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಮುಂದೆ ಹಿಂದೂಪುರ. ಬಲಕ್ಕೆ ತಿರುಗಿದರೆ ಪುಟ್ಟಪರ್ತಿ. ಬಸ್ಸು, ಕಾರುಗಳಲ್ಲಿ ಬರುವ ಹೆಚ್ಚಿನವರಿಗೆ ಈ ಊರು ಕೊಡಿಕೊಂಡ ಚೆಕ್‌ಪೋಸ್ಟ್ ಎಂದೇ ಪರಿಚಯ. ಪುಟ್ಟಪರ್ತಿಯ ಹೆಸರಿನೊಂದಿಗೆ ನೆನಪಾಗುವ ವಿಜ್ಞಾನಿ ಯಾರು ಎಂದು ಈ ಭಾಗದ ಹಿರಿಯರನ್ನು ಕೇಳಿದರೆ ಥಟ್ಟನೆ ಬರುವ ಹೆಸರು ಡಾ. ಸೂರಿ ಭಗವಂತಂ ಅವರದು. ಸತ್ಯಸಾಯಿ ಬಾಬಾ ಅವರ ತೆಲುಗು ಭಾಷಣಗಳನ್ನು ವೇದಿಕೆಯಲ್ಲೇ ಇಂಗ್ಲಿಷಿಗೆ ಅನುವಾದಿಸುತ್ತಿದ್ದವರು ಅವರು.

ಆದರೆ ಭಗವಂತಂ ಎಂದರೆ ಅಷ್ಟೇ ಅಲ್ಲ. ನೀರು ಏಕೆ ನೀರಾಗಿದೆ, ಇಂಗಾಲದ ಡೈಆಕ್ಸೈಡ್ ಏಕೆ ಅನಿಲವಾಗಿಯೇ ಉಳಿದಿದೆ ಎಂಬಂಥ ಪ್ರಶ್ನೆಗಳ ಹಿಂದಿರುವ ಗಣಿತವನ್ನು ಭಾರತದ ವಿದ್ಯಾರ್ಥಿಗಳ ಕೈಗೆ ಕೊಟ್ಟವರು ಅವರು. ಅಣುವಿನ ಆಕಾರ ಮತ್ತು ಸಮ್ಮಿತಿ, ಅಂದರೆ ಸಿಮೆಟ್ರಿ, ಅದರ ಗುಣವನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದೇ ಅವರ ಜೀವಮಾನದ ವಿಷಯವಾಗಿತ್ತು. ಆ ಭಾಗವನ್ನು ಬಲ್ಲವರು ಮಾತ್ರ ಕಡಿಮೆ.

ಕೃಷ್ಣಾ ಜಿಲ್ಲೆಯಿಂದ ಕಲ್ಕತ್ತೆಗೆ

ಭಗವಂತಂ ಹುಟ್ಟಿದ್ದು 1909ರ ಅಕ್ಟೋಬರ್ 14ರಂದು, ಕೃಷ್ಣಾ ಜಿಲ್ಲೆಯ ಆಗಿರಿಪಲ್ಲಿಯಲ್ಲಿ. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಮುಂದೆ ಇದೇ ಸಂಸ್ಥೆಯ ಚುಕ್ಕಾಣಿಯನ್ನು ಇವರು ಹಿಡಿಯಬೇಕಾಗಿ ಬಂದದ್ದು ಒಂದು ಕಾಕತಾಳೀಯ. ಗುಡಿವಾಡದಲ್ಲಿ ಶಾಲೆ, ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಪದವಿ. ಓದಿದ್ದು ಭೌತಶಾಸ್ತ್ರ.

1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಗುರುತಿಸಿದರು. ಮಾರ್ಚ್ 16ರಂದು ಬೆಂಗಳೂರಿಗೆ ಬಂದು ಅದರ ಬಗ್ಗೆ ಉಪನ್ಯಾಸ ನೀಡಿದರು. ಅದೇ ವರ್ಷ ಭಗವಂತಂ ಕಲ್ಕತ್ತೆಯ ರೈಲು ಹತ್ತಿದರು. ಬೌಬಜಾರಿನ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ ರಾಮನ್ ಅವರ ಶಿಷ್ಯರ ಗುಂಪಿಗೆ ಸೇರಿದಾಗ ವಯಸ್ಸು ಇನ್ನೂ ಹತ್ತೊಂಬತ್ತರ ಆಸುಪಾಸು!

ಕಾಲ ಎಂಥದ್ದೆಂದರೆ, ಪ್ರಪಂಚದ ಎಲ್ಲ ಪ್ರಯೋಗಾಲಯಗಳೂ ಈ ಹೊಸ ಪರಿಣಾಮದ ಹಿಂದೆ ಬಿದ್ದಿದ್ದವು. ಯಾವ ದ್ರವ ಸಿಕ್ಕರೂ ಅದರ ಮೇಲೆ ಪಾದರಸದ ದೀಪದ ಬೆಳಕು ಹಾಯಿಸಿ, ಚದುರಿದ ಬೆಳಕನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯುವುದೇ ಕೆಲಸ. ದೀಪದ ಮೂಲ ಗೆರೆಯ ಅಕ್ಕಪಕ್ಕ ಮಸುಕಾದ ಹೊಸ ಗೆರೆಗಳು ಮೂಡುತ್ತಿದ್ದವು. ಒಂದೊಂದು ಗೆರೆಯೂ ಅಣುವಿನ ಒಂದೊಂದು ಬಗೆಯ ಕಂಪನದ ಗುರುತು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಪ್ಲೇಟನ್ನು ಬೆಳಕಿಗೆ ಒಡ್ಡಿ ಕಾಯಬೇಕಿತ್ತು. ಭಗವಂತಂ ಆರಿಸಿಕೊಂಡದ್ದು ಇನ್ನೂ ಕಷ್ಟದ ದಾರಿ, ಅನಿಲಗಳು. ಅನಿಲದಲ್ಲಿ ಅಣುಗಳು ವಿರಳ, ಚದುರುವ ಬೆಳಕು ಬಹಳ ಕ್ಷೀಣ. ಆದರೆ ಅಲ್ಲಿ ಒಂದು ಅಣುವಿನ ಕಥೆಯನ್ನು ಪಕ್ಕದ ಅಣು ಬಂದು ಕೆಡಿಸುವುದಿಲ್ಲ. ಅಣುವಿನ ಆಕಾರದ ಬಗ್ಗೆ ತಿಳಿಯಬೇಕಿದ್ದವರಿಗೆ ಅನಿಲವೇ ಒಳ್ಳೆಯ ಸಾಕ್ಷಿ.

1930ರಲ್ಲಿ ವಜ್ರದ ರಾಮನ್ ಗೆರೆಗಳನ್ನೂ ಅವರು ಅಭ್ಯಾಸ ಮಾಡಿದರು. 1931ರಲ್ಲಿ ಗುರು ರಾಮನ್ ಜೊತೆಗೂಡಿ ಬೆಳಕಿನ ಕಣಕ್ಕೂ ಒಂದು ತಿರುಗುವಿಕೆ, ಅಂದರೆ ಸ್ಪಿನ್ ಇದೆ ಎಂದು ಪ್ರಯೋಗದಿಂದ ತೋರಿಸುವ ಪ್ರಬಂಧ ಪ್ರಕಟಿಸಿದರು. ಆಗ ಅವರಿಗೆ 22 ವರ್ಷ. ಗುರುವಿಗೆ ನೊಬೆಲ್ ಬಂದು ಒಂದು ವರ್ಷವಾಗಿತ್ತಷ್ಟೇ.

ಹಗ್ಗ ಜಗ್ಗಾಟ

ಇಷ್ಟಕ್ಕೂ ಅಣುವಿನ ಆಕಾರದಲ್ಲಿ ಅಂಥದ್ದೇನಿದೆ? ಇದನ್ನು ತಿಳಿಯದೆ ಭಗವಂತಂ ಅವರ ಕೆಲಸದ ಬೆಲೆ ತಿಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ರಸಾಯನಶಾಸ್ತ್ರ.

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ. ಇಬ್ಬರ ನಡುವೆ ಹಂಚಿಕೆಯಾಗಿರುವ ಎಲೆಕ್ಟ್ರಾನುಗಳನ್ನು ಆಮ್ಲಜನಕ ತನ್ನ ಕಡೆಗೆ ಹೆಚ್ಚು ಎಳೆದುಕೊಳ್ಳುತ್ತದೆ. ಹೀಗಾಗಿ ಆಮ್ಲಜನಕದ ಕಡೆ ಸ್ವಲ್ಪ ಋಣ ವಿದ್ಯುತ್, ಜಲಜನಕದ ಕಡೆ ಸ್ವಲ್ಪ ಧನ ವಿದ್ಯುತ್. ಇಂಗಾಲದ ಡೈಆಕ್ಸೈಡಿನಲ್ಲೂ ಇದೇ ಕಥೆ. ಅಲ್ಲಿ ಒಂದು ಇಂಗಾಲ, ಎರಡು ಆಮ್ಲಜನಕ. ಎರಡೂ ಆಮ್ಲಜನಕಗಳು ಇಂಗಾಲದಿಂದ ಎಲೆಕ್ಟ್ರಾನನ್ನು ಎಳೆಯುತ್ತವೆ.

ಹಾಗಿದ್ದ ಮೇಲೆ ಎರಡೂ ಅಣುಗಳಿಗೆ ಒಂದು ಧನ ತುದಿ, ಒಂದು ಋಣ ತುದಿ ಇರಬೇಕಲ್ಲವೇ? ಇಲ್ಲ. ನೀರಿಗಿದೆ, ಡೈಆಕ್ಸೈಡಿಗಿಲ್ಲ. ಕಾರಣ ಆಕಾರ. ಡೈಆಕ್ಸೈಡಿನ ಮೂರು ಪರಮಾಣುಗಳು ಒಂದೇ ಸರಳರೇಖೆಯಲ್ಲಿ ನಿಂತಿವೆ. ಊರ ಜಾತ್ರೆಯ ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆ ಸಮಬಲದ ಪೈಲ್ವಾನರಿದ್ದರೆ ಹಗ್ಗ ಅತ್ತಿತ್ತ ಸರಿಯುವುದಿಲ್ಲ. ಎಳೆತ ಇಲ್ಲವೆಂದಲ್ಲ, ಎರಡು ಎಳೆತಗಳು ಒಂದನ್ನೊಂದು ಹೊಡೆದುಹಾಕಿವೆ. ನೀರಿನ ಅಣು ಹಾಗಲ್ಲ, ಅದು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಎರಡು ಎಳೆತಗಳೂ ಓರೆಯಾಗಿ ಆಮ್ಲಜನಕದತ್ತ ಕೂಡಿಕೊಳ್ಳುತ್ತವೆ. ಹೀಗೆ ಉಳಿಯುವ ಮೊತ್ತಕ್ಕೆ ದ್ವಿಧ್ರುವ ಮಹತ್ವ ಎಂದು ಹೆಸರು. ಅದನ್ನು ಅಳೆಯುವ ಮಾನ ಡಿಬೈ. ಧ್ರುವೀಯ ಅಣುಗಳ ಸಿದ್ಧಾಂತವನ್ನು 1912ರಲ್ಲಿ ಮುಂದಿಟ್ಟು, 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಪೀಟರ್ ಡಿಬೈ ಅವರ ಹೆಸರದು. ನೀರಿನ ಬೆಲೆ 1.85 ಡಿಬೈ. ಇಂಗಾಲದ ಡೈಆಕ್ಸೈಡಿನದು ಸೊನ್ನೆ.

ಈ ಸಣ್ಣ ವ್ಯತ್ಯಾಸದ ಫಲ ನೋಡಿ. ನೀರಿನ ಅಣುವಿನ ತೂಕ 18, ಡೈಆಕ್ಸೈಡಿನದು 44. ಲೆಕ್ಕದ ಪ್ರಕಾರ ಭಾರದ್ದು ದ್ರವವಾಗಿ, ಹಗುರದ್ದು ಅನಿಲವಾಗಿ ಇರಬೇಕಿತ್ತು. ಆದರೆ ನೀರಿನ ಅಣುಗಳು ಧನ ತುದಿಗೆ ಋಣ ತುದಿ ಕೊಟ್ಟು ಒಂದನ್ನೊಂದು ಹಿಡಿದುಕೊಂಡಿವೆ. ಬಿಡಿಸಲು 100 ಡಿಗ್ರಿ ಸೆಲ್ಸಿಯಸ್ ಕಾಯಿಸಬೇಕು. ಡೈಆಕ್ಸೈಡಿನ ಅಣುಗಳಿಗೆ ಆ ಹಿಡಿತವಿಲ್ಲ. ಅದನ್ನು ಗಟ್ಟಿ ಮಾಡಿದ ಡ್ರೈ ಐಸ್ ಕೂಡ ಮೈನಸ್ 78.5 ಡಿಗ್ರಿಯಲ್ಲೇ ಆವಿಯಾಗಿ ಹೋಗುತ್ತದೆ. ನೀರಿನ ಅಣು ನೆಟ್ಟಗಿದ್ದಿದ್ದರೆ ಪೆನ್ನಾ ನದಿಯೂ ಇರುತ್ತಿರಲಿಲ್ಲ, ಅದು ಬತ್ತಿತು ಎಂದು ಗೋಳಾಡಲು ನಾವೂ ಇರುತ್ತಿರಲಿಲ್ಲ.

ಉಪ್ಪು ನೀರಿನಲ್ಲಿ ಕರಗುವುದು, ಸೀಮೆಎಣ್ಣೆ ನೀರಿನೊಂದಿಗೆ ಬೆರೆಯದಿರುವುದು, ಮೈಕ್ರೋವೇವ್ ಒಲೆಯಲ್ಲಿ ನೀರಿರುವ ಪದಾರ್ಥ ಬೇಗ ಬಿಸಿಯಾಗುವುದು ಎಲ್ಲಕ್ಕೂ ಇದೇ ಮೂಲ. ಧ್ರುವೀಯ ಅಣು ಧ್ರುವೀಯ ಅಣುವಿನ ಜೊತೆ ಸೇರುತ್ತದೆ, ಧ್ರುವವಿಲ್ಲದ್ದು ತನ್ನಂಥವರ ಜೊತೆ.

ಲೇಪಾಕ್ಷಿ ನಂದಿಯ ಲೆಕ್ಕ

ಎರಡು ಮೂರು ಪರಮಾಣುಗಳಿದ್ದರೆ ಹಗ್ಗ ಜಗ್ಗಾಟದ ಚಿತ್ರ ಸಾಕು. ಐದು, ಹತ್ತು, ಇಪ್ಪತ್ತು ಪರಮಾಣುಗಳಿದ್ದರೆ? ಪ್ರತಿ ಎಳೆತವನ್ನೂ ಕೂಡಿಸುತ್ತ ಕೂರುವುದು ತಲೆನೋವು. ಇಲ್ಲೇ ಸಮ್ಮಿತಿಯ ಉಪಯೋಗ. ಇದು ಎಷ್ಟು ಸರಳವಾದ ವಾದವೆಂದರೆ, ಪರಮಾಣುವಿನ ಒಳಗಿನ ಯಾವ ವಿವರವೂ ಬೇಕಿಲ್ಲ.

ಒಂದು ವಸ್ತುವನ್ನು ತಿರುಗಿಸಿದರೂ, ಕನ್ನಡಿಯಲ್ಲಿ ನೋಡಿದರೂ ಅದು ಮೊದಲಿನಂತೆಯೇ ಕಂಡರೆ ಅದಕ್ಕೆ ಅಷ್ಟು ಸಮ್ಮಿತಿ ಇದೆ ಎಂದರ್ಥ. ಅಣುವಿನ ಧ್ರುವೀಯತೆಯನ್ನು ಒಂದು ಬಾಣದ ಗುರುತು ಎಂದುಕೊಳ್ಳಿ. ಅಣು ಮೊದಲಿನಂತೆಯೇ ಕಾಣುತ್ತಿದ್ದರೆ ಅದರೊಳಗಿನ ಬಾಣವೂ ಮೊದಲಿನಂತೆಯೇ ಇರಲೇಬೇಕು. ಇಷ್ಟೇ ನಿಯಮ. ಉಳಿದದ್ದೆಲ್ಲ ಇದರಿಂದ ಹೊರಡುತ್ತದೆ.

ಲೇಪಾಕ್ಷಿಯ ಏಕಶಿಲಾ ನಂದಿಯನ್ನೇ ತೆಗೆದುಕೊಳ್ಳಿ. ಮಡಿಸಿದ ಕಾಲುಗಳ ಭೇದವನ್ನು ಬದಿಗಿಟ್ಟರೆ ಅದರ ಎಡಭಾಗ ಬಲಭಾಗದ ಕನ್ನಡಿ. ಆದ್ದರಿಂದ ಎಡದಿಂದ ಬಲಕ್ಕೆ ಬಾಣ ಇಡಲು ಸಾಧ್ಯವಿಲ್ಲ, ಕನ್ನಡಿಯಲ್ಲಿ ಅದು ತಿರುಗಿಬೀಳುತ್ತದೆ. ಆದರೆ ಬಾಲದಿಂದ ಮುಖದ ಕಡೆಗೆ ಬಾಣ ಇಡಬಹುದು. ನಂದಿಗೆ ಮುಂದು ಹಿಂದು ಇದೆಯಲ್ಲ! ಇನ್ನು ಮನೆಯ ಚಾವಣಿಯಿಂದ ಇಳಿಬಿಟ್ಟ ಎಂಟು ದಳದ ಕಮಲದ ಅಲಂಕಾರ ನೋಡಿ. ಅದನ್ನು ನಡುವಿನ ಅಕ್ಷದ ಸುತ್ತ ತಿರುಗಿಸಿದರೂ ಹಾಗೇ ಕಾಣುತ್ತದೆ. ಅಲ್ಲಿ ಬಾಣ ಆ ಅಕ್ಷದ ಉದ್ದಕ್ಕೆ ಮಾತ್ರ ಇರಬಹುದು, ಮೇಲಕ್ಕೋ ಕೆಳಕ್ಕೋ. ಕೊನೆಯದಾಗಿ ಎತ್ತಿನ ಬಂಡಿಯ ಚಕ್ರ. ಎರಡೂ ಮುಖ ಒಂದೇ ಥರ, ಸುತ್ತಲೂ ಒಂದೇ ಥರ. ಬಾಣಕ್ಕೆ ಎಲ್ಲೂ ಜಾಗವಿಲ್ಲ.

ಅಣುಗಳಲ್ಲೂ ಇದೇ ಲೆಕ್ಕ. ನಡುವೆ ವಿಲೋಮ ಕೇಂದ್ರವಿದ್ದರೆ, ಅಂದರೆ ಒಂದು ದಿಕ್ಕಿನಲ್ಲಿರುವುದೇ ನೇರ ಎದುರು ದಿಕ್ಕಿನಲ್ಲೂ ಇದ್ದರೆ, ಧ್ರುವೀಯತೆ ಇಲ್ಲ. ಬೇರೆ ಬೇರೆ ದಿಕ್ಕಿನ ಎರಡು ತಿರುಗುವ ಅಕ್ಷಗಳಿದ್ದರೂ ಇಲ್ಲ, ಏಕೆಂದರೆ ಬಾಣ ಏಕಕಾಲಕ್ಕೆ ಎರಡು ಅಕ್ಷಗಳ ಮೇಲೆ ಮಲಗಲಾರದು. ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ವಿಲೋಮ ಕೇಂದ್ರ ಇಲ್ಲ. ಇದೆಯೆಂದು ತಿಳಿದು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. ಆದರೆ ಅದರ ನಾಲ್ಕು ಕ್ಲೋರಿನ್‌ಗಳು ಚತುರ್ಮುಖದ ನಾಲ್ಕು ಮೂಲೆಗಳಲ್ಲಿ ಕುಳಿತಿವೆ, ನಾಲ್ಕು ಬೇರೆ ಬೇರೆ ಅಕ್ಷಗಳಿವೆ. ಹಾಗಾಗಿ ಸೊನ್ನೆ. ಒಂದು ಕ್ಲೋರಿನ್ ತೆಗೆದು ಜಲಜನಕ ಹಾಕಿ, ಕ್ಲೋರೋಫಾರಂ ಆಯಿತು. ಈಗ ಉಳಿದದ್ದು ಒಂದೇ ಅಕ್ಷ. ಬಾಣ ಅದರ ಮೇಲೆ ಕೂರುತ್ತದೆ, ಸುಮಾರು 1 ಡಿಬೈ.

ಅಮೋನಿಯಾ ಗೋಪುರದಂತೆ ಎದ್ದಿದೆ, ಅದಕ್ಕೆ 1.47 ಡಿಬೈ. ಬೋರಾನ್ ಟ್ರೈಫ್ಲೋರೈಡ್ ಚಪ್ಪಟೆ, ಚಕ್ರದಂತೆ, ಅದಕ್ಕೆ ಸೊನ್ನೆ. ಎರಡರಲ್ಲೂ ನಡುವೆ ಒಂದು, ಸುತ್ತ ಮೂರು ಪರಮಾಣುಗಳೇ.

ಆದರೆ ಸಮ್ಮಿತಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಹೇಳಬೇಕು. ಬಾಣ ಇರಬಹುದೇ, ಇದ್ದರೆ ಯಾವ ರೇಖೆಯ ಮೇಲೆ ಎಂದು ಹೇಳುತ್ತದೆ, ಎಷ್ಟು ಉದ್ದ ಎಂದು ಹೇಳುವುದಿಲ್ಲ. ನೈಟ್ರೊಜನ್ ಟ್ರೈಫ್ಲೋರೈಡ್ ಅಮೋನಿಯಾದ ಆಕಾರದ್ದೇ, ಆದರೂ ಅದರ ಬೆಲೆ ಕೇವಲ 0.23 ಡಿಬೈ. ಇಂಗಾಲದ ಮಾನಾಕ್ಸೈಡಿಗೆ ಬಾಣವಿರಲು ಯಾವ ಅಡ್ಡಿಯೂ ಇಲ್ಲ, ಇರುವುದು ಮಾತ್ರ 0.11. ಅದೂ ಎಲ್ಲರೂ ಊಹಿಸುವ ದಿಕ್ಕಿಗೆ ತದ್ವಿರುದ್ಧವಾಗಿ! ಇಲ್ಲ ಎನ್ನುವುದರಲ್ಲಿ ಸಮ್ಮಿತಿ ಖಡಾಖಂಡಿತ, ಇದೆ ಎನ್ನುವುದರಲ್ಲಿ ಸಂಕೋಚದ್ದು.

ವಾಲ್ಟೇರಿನ ದಿನಗಳು

1932ರಲ್ಲಿ ಭಗವಂತಂ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಉಪನ್ಯಾಸಕರಾಗಿ ಬಂದರು. ಆಗ ಅಲ್ಲಿ ಕುಲಪತಿಯಾಗಿದ್ದವರು ಎಸ್. ರಾಧಾಕೃಷ್ಣನ್. ಸ್ಥಾಪನೆಯಾಗಿ ಆರೇ ವರ್ಷವಾಗಿದ್ದ ವಿಶ್ವವಿದ್ಯಾಲಯ. ಕಡಲ ದಂಡೆಯ ಆ ಊರಿನಲ್ಲಿ ಭಗವಂತಂ ಬಹುಬೇಗ ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ ಬೆಳೆದರು. ಅವರ ಅತ್ಯುತ್ತಮ ಕೆಲಸವೆಲ್ಲ ನಡೆದದ್ದು ಇಲ್ಲೇ. ಮುಂದೆ ದೊಡ್ಡ ದೊಡ್ಡ ಕುರ್ಚಿಗಳು ಬಂದವು ನಿಜ, ಆದರೆ ವಿಜ್ಞಾನದ ದೃಷ್ಟಿಯಿಂದ ವಾಲ್ಟೇರಿನ ಕಾಲಕ್ಕೆ ಅವು ಸಾಟಿಯಲ್ಲ.

ರಾಮನ್ ಗೆರೆಗಳು ರಾಶಿ ರಾಶಿ ಸಂಗ್ರಹವಾಗಿದ್ದವು. ಅವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? ಅಣುವಿನ ಕಂಪನಗಳು ಹೊರಗೆ ಕಾಣುವುದು ಎರಡು ದಾರಿಯಲ್ಲಿ. ಕಂಪಿಸುವಾಗ ಧ್ರುವೀಯತೆಯ ಬಾಣ ಬದಲಾದರೆ ಅಣು ಅವಕೆಂಪು ಕಿರಣವನ್ನು ಹೀರುತ್ತದೆ. ಕಂಪಿಸುವಾಗ ಅಣುವಿನ ಎಲೆಕ್ಟ್ರಾನ್ ಮೋಡ ಹಿಗ್ಗಿ ಕುಗ್ಗುವ ಸುಲಭತೆ ಬದಲಾದರೆ ರಾಮನ್ ಗೆರೆ ಮೂಡುತ್ತದೆ. ಯಾವ ಕಂಪನ ಯಾವ ದಾರಿ ಹಿಡಿಯುತ್ತದೆ ಎಂದು ತೀರ್ಮಾನಿಸುವುದು ಮತ್ತೆ ಅದೇ ಸಮ್ಮಿತಿ.

ಇಂಗಾಲದ ಡೈಆಕ್ಸೈಡಿಗೇ ಬನ್ನಿ. ಎರಡೂ ಆಮ್ಲಜನಕಗಳು ಒಟ್ಟಿಗೆ ಹೊರಕ್ಕೆ, ಒಟ್ಟಿಗೆ ಒಳಕ್ಕೆ ಸರಿದರೆ ಹಗ್ಗ ಜಗ್ಗಾಟ ಸಮವಾಗಿಯೇ ಇರುತ್ತದೆ. ಅವಕೆಂಪಿನಲ್ಲಿ ಇದು ಕಾಣದು, ರಾಮನ್‌ನಲ್ಲಿ ಕಾಣುತ್ತದೆ. ಒಂದು ಹತ್ತಿರ ಬಂದು ಇನ್ನೊಂದು ದೂರ ಹೋದರೆ, ಅಥವಾ ಇಡೀ ಅಣು ಬಿಲ್ಲಿನಂತೆ ಬಾಗಿದರೆ, ಆ ಕ್ಷಣಕ್ಕೆ ಸಮತೋಲ ತಪ್ಪಿ ಬಾಣ ಹುಟ್ಟುತ್ತದೆ. ಅವು ಅವಕೆಂಪಿನಲ್ಲಿ ಕಾಣುತ್ತವೆ, ರಾಮನ್‌ನಲ್ಲಿ ಇಲ್ಲ. ವಿಲೋಮ ಕೇಂದ್ರವಿರುವ ಅಣುವಿನಲ್ಲಿ ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣುವುದಿಲ್ಲ ಎಂಬ ಈ ನಿಯಮ ಇಂದಿಗೂ ಅಣುವಿನ ಆಕಾರ ಪತ್ತೆಗೆ ಬಳಕೆಯಲ್ಲಿದೆ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇದರ ಇನ್ನೊಂದು ಮುಖವೂ ಮುಖ್ಯ. ಸ್ವತಃ ಧ್ರುವೀಯತೆ ಇಲ್ಲದ ಡೈಆಕ್ಸೈಡ್ ನೆಲದಿಂದ ಏಳುವ ಶಾಖವನ್ನು ಹಿಡಿದಿಡುವುದು ಕಂಪನದ ಗಳಿಗೆಯಲ್ಲಿ ಹುಟ್ಟುವ ಆ ಬಾಣದಿಂದಲೇ. ಗಾಳಿಯಲ್ಲಿ ತುಂಬಿರುವ ಸಾರಜನಕ, ಆಮ್ಲಜನಕಗಳಲ್ಲಿ ಇರುವುದು ಒಂದೇ ಬಗೆಯ ಎರಡೆರಡು ಪರಮಾಣು. ಎಷ್ಟು ಕುಣಿದರೂ ಬಾಣ ಹುಟ್ಟುವುದಿಲ್ಲ, ಶಾಖವನ್ನೂ ಅವು ಹಿಡಿಯುವುದಿಲ್ಲ.

ನಗಿಸುವ ಅನಿಲ ನೈಟ್ರಸ್ ಆಕ್ಸೈಡಿನದು ಇನ್ನೂ ಸ್ವಾರಸ್ಯ. ಅದೂ ಮೂರು ಪರಮಾಣುಗಳ ನೆಟ್ಟನೆ ಅಣು. ಆಮ್ಲಜನಕ ನಡುವೆ ಇದೆಯೋ, ತುದಿಯಲ್ಲೋ? ನಡುವೆ ಇದ್ದಿದ್ದರೆ ಡೈಆಕ್ಸೈಡಿನಂತೆ ಸಮ್ಮಿತಿ, ಬೆಲೆ ಸೊನ್ನೆ. ಆದರೆ ಕಂಪನದ ಗೆರೆಗಳು ಎರಡೂ ಕಡೆ ಕಂಡವು, ಸಣ್ಣದಾದರೂ ಧ್ರುವೀಯತೆ ಸಿಕ್ಕಿತು. ಅಲ್ಲಿಗೆ ಆಮ್ಲಜನಕ ತುದಿಯಲ್ಲಿದೆ ಎಂದು ತೀರ್ಮಾನ. ಕಣ್ಣಿಗೆ ಕಾಣದ್ದನ್ನು ಹೀಗೆ ಹಿಡಿದು ಹಾಕುವುದು ಪತ್ತೇದಾರಿಕೆಗಿಂತ ಕಡಿಮೆಯೇನಲ್ಲ.

ಬೆಂಜೀನ್‌ನಂಥ 12 ಪರಮಾಣುಗಳ ಅಣುವಿಗೆ 30 ಕಂಪನಗಳು. ಅವುಗಳಲ್ಲಿ ಕೆಲವು ಜೋಡಿಗಳಾದ್ದರಿಂದ ಬೇರೆ ಬೇರೆ ಆವರ್ತನ 20. ಅದರಲ್ಲಿ ರಾಮನ್‌ನಲ್ಲಿ ಕಾಣಬಹುದಾದ್ದು 7, ಅವಕೆಂಪಿನಲ್ಲಿ 4, ಎರಡಕ್ಕೂ ಸಾಮಾನ್ಯವಾದ್ದು ಒಂದೂ ಇಲ್ಲ. ಪ್ರಯೋಗ ಮಾಡುವ ಮೊದಲೇ ಕಾಗದದ ಮೇಲೆ ಇಷ್ಟನ್ನು ಹೇಳುವ ಗಣಿತಕ್ಕೆ ಗ್ರೂಪ್ ಥಿಯರಿ ಎಂದು ಹೆಸರು. ಇದನ್ನು ಕಂಪನಗಳಿಗೆ ಹೊಂದಿಸಿದವರು ಭಗವಂತಂ ಅಲ್ಲ. ವಿಗ್ನರ್, ಪ್ಲಾಚೆಕ್ ಮುಂತಾದ ಯುರೋಪಿನವರು ಅದನ್ನು ಶುರುಮಾಡಿದ್ದರು. ಆದರೆ ಆ ಬರಹಗಳು ಸಾಮಾನ್ಯ ಪ್ರಯೋಗಶೀಲರಿಗೆ, ಅದರಲ್ಲೂ ರಸಾಯನಶಾಸ್ತ್ರದವರಿಗೆ, ಕಬ್ಬಿಣದ ಕಡಲೆ.

ಅದೇ ವಿಶ್ವವಿದ್ಯಾಲಯದ ಗಣಿತಜ್ಞ ಟಿ. ವೆಂಕಟರಾಯುಡು ಅವರ ಜೊತೆ ಸೇರಿ ಭಗವಂತಂ ಈ ಕಡಲೆಯನ್ನು ನೆನೆಹಾಕಿದರು. ಒಂದು ತಿರುಗುವಿಕೆಯಲ್ಲಿ ಎಷ್ಟು ಪರಮಾಣುಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ ಎಂದು ಎಣಿಸಿ, ಒಂದು ಕೋಷ್ಟಕದೊಡನೆ ಹೋಲಿಸಿದರೆ ಸಾಕು, ಉತ್ತರ ಬಂದುಬಿಡುತ್ತದೆ. 1939ರಲ್ಲಿ ಇಬ್ಬರೂ ಈ ಲೆಕ್ಕವನ್ನು ಒಂಟಿ ಅಣುವಿನಿಂದ ಹರಳುಗಳಿಗೆ ವಿಸ್ತರಿಸಿದ ಪ್ರಬಂಧ ಪ್ರಕಟಿಸಿದರು. ಹರಳಿನಲ್ಲಿ ಪರಮಾಣುಗಳ ಸಂಖ್ಯೆಗೆ ಮಿತಿಯಿಲ್ಲ, ಆದರೆ ಒಂದೇ ಚಿಕ್ಕ ಗೂಡು ಮತ್ತೆ ಮತ್ತೆ ಬರುತ್ತದೆ. ಲೇಪಾಕ್ಷಿ ಸೀರೆಯ ಅಂಚಿನಲ್ಲಿ ಒಂದು ಹೂವಿನ ಚಿತ್ರ ತಿಳಿದರೆ ಇಡೀ ಅಂಚು ತಿಳಿದಂತೆ, ಆ ಒಂದು ಗೂಡಿನ ಲೆಕ್ಕ ಹಾಕಿದರೆ ಸಾಕು ಎಂಬುದು ಅವರ ದಾರಿ. ಹರಳುಗಳ ರಾಮನ್ ಅಧ್ಯಯನದಲ್ಲಿ ಇದು ಭಗವಂತಂ-ವೆಂಕಟರಾಯುಡು ವಿಧಾನ ಎಂದೇ ಹೆಸರಾಯಿತು.

1940ರಲ್ಲಿ ಬೆಳಕಿನ ಚದುರುವಿಕೆ ಮತ್ತು ರಾಮನ್ ಪರಿಣಾಮದ ಬಗ್ಗೆ ಭಗವಂತಂ ಬರೆದ ಪುಸ್ತಕ ಬಂತು. 1948ರಲ್ಲಿ ವೆಂಕಟರಾಯುಡು ಜೊತೆ ಬರೆದ ಗ್ರೂಪ್ ಥಿಯರಿಯ ಪುಸ್ತಕವನ್ನು ಆಂಧ್ರ ವಿಶ್ವವಿದ್ಯಾಲಯವೇ ಹೊರತಂದಿತು. ಈ ವಿಷಯದಲ್ಲಿ ಕೈಗೆ ಸಿಗುವ ಪುಸ್ತಕಗಳೇ ಅಪರೂಪವಾಗಿದ್ದ ಕಾಲವದು.

ಜರ್ಮನಿಯವರ ತಪ್ಪು

ಭಗವಂತಂ ಅವರ ಧೈರ್ಯಕ್ಕೆ ಒಂದು ಉದಾಹರಣೆ. ಪಾರದರ್ಶಕ ಹರಳನ್ನು ಒತ್ತಿದರೆ ಅದರೊಳಗೆ ಬೆಳಕು ಸಾಗುವ ರೀತಿ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಎಂದು ಹೇಳಲು ಕೆಲವು ಸಂಖ್ಯೆಗಳು ಬೇಕು. ಎಷ್ಟು ಸಂಖ್ಯೆಗಳು ಎಂಬುದು ಹರಳಿನ ಸಮ್ಮಿತಿಯ ಮೇಲೆ ನಿಂತಿದೆ. ಸಮ್ಮಿತಿ ಹೆಚ್ಚಿದಷ್ಟೂ ಸಂಖ್ಯೆ ಕಡಿಮೆ. ಜರ್ಮನಿಯ ಫ್ರೆಡ್ರಿಕ್ ಪೊಕೆಲ್ಸ್ ಎಂಬ ದೊಡ್ಡ ವಿದ್ವಾಂಸರು 19ನೇ ಶತಮಾನದ ಕೊನೆಯಲ್ಲೇ ಇದರ ಪಟ್ಟಿ ಮಾಡಿದ್ದರು. ಘನಾಕೃತಿಯ ಹರಳುಗಳ ಐದೂ ವರ್ಗಗಳಿಗೆ ಮೂರು ಸಂಖ್ಯೆ ಸಾಕು ಎಂದು ಆ ಪಟ್ಟಿಯಲ್ಲಿತ್ತು. ಅದನ್ನೇ ಎಲ್ಲರೂ ದಶಕಗಳ ಕಾಲ ಒಪ್ಪಿಕೊಂಡಿದ್ದರು.

1942ರಲ್ಲಿ ಭಗವಂತಂ ಗ್ರೂಪ್ ಥಿಯರಿಯಿಂದ ಲೆಕ್ಕ ಹಾಕಿ ನೋಡಿದರು. ಐದರಲ್ಲಿ ಎರಡು ವರ್ಗಗಳಿಗೆ ಮೂರು ಸಾಲದು, ನಾಲ್ಕು ಬೇಕು ಎಂದು ಬಂತು. ಆ ಎರಡು ವರ್ಗಗಳ ಸಮ್ಮಿತಿ ಉಳಿದ ಮೂರಕ್ಕಿಂತ ಕಡಿಮೆ, ಪೊಕೆಲ್ಸ್ ಆ ವ್ಯತ್ಯಾಸವನ್ನು ಗಮನಿಸಿರಲಿಲ್ಲ. ಕಾಗದದ ಮೇಲಿನ ಮಾತನ್ನು ಯಾರು ನಂಬುತ್ತಾರೆ? ಆ ವರ್ಗಕ್ಕೆ ಸೇರಿದ ಬೇರಿಯಂ ನೈಟ್ರೇಟ್, ಸ್ಫಟಿಕ ಅಂದರೆ ಆಲಂ ಹರಳುಗಳನ್ನು ತೆಗೆದುಕೊಂಡು ಶಿಷ್ಯ ಡಿ. ಸೂರ್ಯನಾರಾಯಣ ಅವರೊಂದಿಗೆ ಅಳೆದರು. ಒಂದೇ ಎಂದು ಪಟ್ಟಿ ಹೇಳಿದ್ದ ಎರಡು ಸಂಖ್ಯೆಗಳು ನಿಜಕ್ಕೂ ಬೇರೆ ಬೇರೆ ಬಂದವು. ವಾಲ್ಟೇರಿನಲ್ಲಿ ಕುಳಿತವರು ಜರ್ಮನಿಯ ಪಟ್ಟಿಯನ್ನು ತಿದ್ದಿದ್ದರು.

ಧ್ರುವೀಯತೆಯ ನಿಯಮವೂ ಹರಳುಗಳಿಗೆ ಹಾಗೆಯೇ ಅನ್ವಯಿಸುತ್ತದೆ. ಹರಳುಗಳಲ್ಲಿ ಸಮ್ಮಿತಿಯ 32 ವರ್ಗಗಳು. ಅದರಲ್ಲಿ ಬಾಣಕ್ಕೆ ಜಾಗ ಕೊಡುವುದು 10 ಮಾತ್ರ. ಟೂರ್ಮಲಿನ್ ಅಂಥದ್ದು. ಬಿಸಿ ಮಾಡಿದರೆ ಅದರ ಎರಡು ತುದಿಗಳಲ್ಲಿ ವಿದ್ಯುತ್ ಕಾಣಿಸಿಕೊಂಡು ಬೂದಿಯನ್ನು ಸೆಳೆಯುತ್ತದೆ. ಇಂಥ ಗುಣಗಳನ್ನೆಲ್ಲ ಒಂದೇ ಸೂತ್ರದಲ್ಲಿ ಕಟ್ಟಿ ಹರಳಿನ ಸಮ್ಮಿತಿ ಮತ್ತು ಭೌತಗುಣಗಳ ಬಗ್ಗೆ ಭಗವಂತಂ ಬರೆದ ಪುಸ್ತಕ 1966ರಲ್ಲಿ ಲಂಡನ್ನಿನ ಅಕಾಡೆಮಿಕ್ ಪ್ರೆಸ್‌ನಿಂದ ಬಂತು. ಅಷ್ಟರಲ್ಲಿ ಅವರು ಪ್ರಯೋಗಾಲಯ ಬಿಟ್ಟು ಬಹಳ ದೂರ ಬಂದಾಗಿತ್ತು.

ಹೈದರಾಬಾದ್, ಬೆಂಗಳೂರು, ದೆಹಲಿ

ಸ್ವಾತಂತ್ರ್ಯ ಬಂದ ಮೇಲೆ 1948-49ರಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನ್‌ನಲ್ಲಿ ವಿಜ್ಞಾನ ಸಂಪರ್ಕಾಧಿಕಾರಿ. ಬಳಿಕ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ, 1952ರಿಂದ 1957ರವರೆಗೆ ಅಲ್ಲೇ ಕುಲಪತಿ.

1957ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1933ರಿಂದ 1937ರವರೆಗೆ ಗುರು ರಾಮನ್ ಕುಳಿತಿದ್ದ ಕುರ್ಚಿ ಅದು. ಸಂಸ್ಥೆಯೊಂದಿಗೆ ಮನಸ್ತಾಪವಾಗಿ ನಿರ್ದೇಶಕ ಪದವಿ ಬಿಟ್ಟಿದ್ದ ರಾಮನ್, ಸ್ವಲ್ಪವೇ ದೂರದಲ್ಲಿ ತಮ್ಮದೇ ಸಂಶೋಧನಾಲಯ ಕಟ್ಟಿಕೊಂಡು ವಜ್ರ, ಹೂವು, ಬಣ್ಣಗಳ ಹಿಂದೆ ಬಿದ್ದಿದ್ದರು. ಸಂಸ್ಥೆ 50 ವರ್ಷ ಪೂರೈಸಿದ್ದು ಭಗವಂತಂ ಕಾಲದಲ್ಲೇ. 1959ರಲ್ಲಿ ಯುವಕ ಸಿ.ಎನ್.ಆರ್. ರಾವ್ ಅಲ್ಲಿ ಉಪನ್ಯಾಸಕರಾಗಿ ಸೇರಿದ್ದೂ ಆ ದಿನಗಳಲ್ಲೇ. 1962ರಲ್ಲಿ ಭಗವಂತಂ ಹುದ್ದೆ ಬಿಟ್ಟ ಮೇಲೆ ಬಂದವರು ಸತೀಶ್ ಧವನ್.

1961ರಲ್ಲೇ ಅವರು ಡಿ.ಎಸ್. ಕೊಠಾರಿ ಅವರ ನಂತರ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದರು. 1969ರವರೆಗೂ ಆ ಹುದ್ದೆಯಲ್ಲಿದ್ದರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಆಗ ಮೂರು ವರ್ಷದ ಕೂಸು. ಮರುವರ್ಷವೇ ಚೀನಾ ಯುದ್ಧ, 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ. ಅಣುಗಳ ಕಂಪನ ಎಣಿಸುತ್ತಿದ್ದವರು ರಾಡಾರ್, ಸ್ಫೋಟಕ, ಎಂಜಿನ್‌ಗಳ ಕಡತ ನೋಡುವಂತಾಯಿತು. ದೇಶಕ್ಕೆ ಅದು ಬೇಕಿತ್ತು, ನಿಜ. ಆದರೆ ಒಳ್ಳೆಯ ಸಂಶೋಧಕರನ್ನೆಲ್ಲ ಕುರ್ಚಿಗೆ ಕಟ್ಟಿಹಾಕುವ ನಮ್ಮ ಅಭ್ಯಾಸದಿಂದ ಪ್ರಯೋಗಾಲಯಗಳು ಕಳೆದುಕೊಂಡದ್ದನ್ನು ಯಾರೂ ಲೆಕ್ಕ ಹಾಕಿಲ್ಲ.

ನಂಬಿಕೆಯ ಪ್ರಶ್ನೆ

ಬೆಂಗಳೂರಿಗೆ ಬಂದ ನಂತರದ ವರ್ಷಗಳಲ್ಲಿ ಭಗವಂತಂ ಪುಟ್ಟಪರ್ತಿಯ ಕಡೆ ಒಲಿದರು. 1960ರ ದಶಕದಲ್ಲಿ ಬಾಬಾ ಅವರ ಭಾಷಣಗಳ ಅನುವಾದಕರಾಗಿ ದೇಶದಾದ್ಯಂತ ಕಾಣಿಸಿಕೊಂಡರು. ರಕ್ಷಣಾ ಸಚಿವರ ಸಲಹೆಗಾರನಂಥ ವಿಜ್ಞಾನಿಯೇ ಪವಾಡಗಳನ್ನು ಒಪ್ಪಿದ್ದಾರೆ ಎಂಬ ಮಾತು ಭಕ್ತರಿಗೆ ಬಲ ಕೊಟ್ಟಿತು. ವಿಚಾರವಾದಿಗಳನ್ನು ಅಷ್ಟೇ ಕೆರಳಿಸಿತು. ಸಿಲೋನಿನ ಅಬ್ರಹಾಂ ಕೋವೂರ್ ಅವರು ಪವಾಡಗಳ ಬಗ್ಗೆ ಭಗವಂತಂ ಹೇಳಿದ್ದನ್ನು ಬಹಿರಂಗವಾಗಿಯೇ ಪ್ರಶ್ನಿಸಿದರು.

ಇದರಲ್ಲಿ ನಮ್ಮ ಗಡಿ ಭಾಗದ ಇನ್ನೊಬ್ಬರ ಪಾತ್ರವೂ ಇದೆ. ಹಿಂದೂಪುರಕ್ಕೆ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿದರು. ನರಸಿಂಹಯ್ಯನವರೂ ಭೌತಶಾಸ್ತ್ರಜ್ಞರೇ. ಒಂದೇ ಶಾಸ್ತ್ರ ಓದಿದ ಇಬ್ಬರು, ಕೊಡಿಕೊಂಡದ ಎಡಕ್ಕೊಬ್ಬರು ಬಲಕ್ಕೊಬ್ಬರು ಎಂಬಂತೆ, ಒಂದೇ ಪ್ರಶ್ನೆಗೆ ಎರಡು ದಾರಿ ಹಿಡಿದಿದ್ದರು. ಸಮಿತಿಗೆ ಪುಟ್ಟಪರ್ತಿಯಲ್ಲಿ ಪರೀಕ್ಷೆಯ ಅವಕಾಶ ಸಿಗಲಿಲ್ಲ. ಆ ಚರ್ಚೆ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ನಡೆಯಿತು.

ಪೊಕೆಲ್ಸ್ ಪಟ್ಟಿಯನ್ನು ಕಣ್ಣು ಮುಚ್ಚಿ ಒಪ್ಪದೆ ಹರಳನ್ನು ಒತ್ತಿ ನೋಡಿದ್ದ ವ್ಯಕ್ತಿ ಇಲ್ಲಿ ಅದೇ ಅಳತೆಗೋಲನ್ನು ಏಕೆ ಬಳಸಲಿಲ್ಲ ಎಂದು ಅವರ ಟೀಕಾಕಾರರು ಕೇಳುತ್ತಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. ಅಳೆಯಲಾಗದ್ದೂ ಇದೆ ಎಂಬ ನಂಬಿಕೆ ಅವರ ಸ್ವಂತದ್ದು ಎಂದು ಅಭಿಮಾನಿಗಳು ಉತ್ತರಿಸುತ್ತಿದ್ದರು. ಆದರೆ ವೇದಿಕೆ ಹತ್ತಿ ಆಡಿದ ಮಾತು ಸ್ವಂತದ್ದಾಗಿ ಉಳಿಯುವುದಿಲ್ಲವಲ್ಲ. ಈ ಗದ್ದಲದಲ್ಲಿ ಮರೆಗೆ ಸರಿದದ್ದು ಮಾತ್ರ ವಾಲ್ಟೇರಿನ ಭಗವಂತಂ.

1989ರ ಫೆಬ್ರುವರಿ 6ರಂದು ಭಗವಂತಂ ನಿಧನರಾದರು. ಆಗ ಅವರಿಗೆ 79 ವರ್ಷ. ಪುಟ್ಟಪರ್ತಿಯೂ ಕೊಡಿಕೊಂಡವೂ ಅಂದು ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್‌ನಲ್ಲಿ ಎರಡೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಎಂ.ಎಸ್ಸಿ. ರಸಾಯನಶಾಸ್ತ್ರದ ತರಗತಿಗಳಲ್ಲಿ ನೀರು, ಅಮೋನಿಯಾ, ಬೆಂಜೀನ್‌ಗಳ ಕೋಷ್ಟಕ ಬರೆದು, ಯಾವ ಕಂಪನ ಎಲ್ಲಿ ಕಾಣುತ್ತದೆ, ಯಾವ ಅಣುವಿಗೆ ಧ್ರುವೀಯತೆ ಇಲ್ಲ ಎಂದು ಲೆಕ್ಕ ಹಾಕುವುದು ಈಗಲೂ ನಡೆದಿದೆ.